ಮೈದಾನದಿಂದ ಕಚೇರಿಗೆ: ಶಿವಮೊಗ್ಗದಲ್ಲಿ ಫುಟ್‌ಬಾಲ್ ಕ್ಲಬ್ಬೊಂದನ್ನು ನಡೆಸಿದ ನನ್ನ ಅನುಭವ

ಆಟ ನಿಲ್ಲಿಸಿದ ಫುಟ್‌ಬಾಲ್ ಆಟಗಾರರಲ್ಲಿ ಅನೇಕರು ತರಬೇತುದಾರರಾಗುತ್ತಾರೆ. ಮೊಣಕಾಲಿನ ಅಸ್ಥಿರಜ್ಜು ಹರಿದು, ಶಸ್ತ್ರಚಿಕಿತ್ಸೆಯ ನಂತರವೂ ಹಳೆಯ ವೇಗ ಮರಳದೆ ಹೋದಾಗ ನನಗೂ ಹಿರಿಯ ಆಟಗಾರರು ಅದೇ ದಾರಿಯನ್ನು ತೋರಿಸಿದರು. ನಾನು ಕ್ಲಬ್ಬಿನ ಕಚೇರಿಯ ಕೆಲಸವನ್ನು ಆರಿಸಿಕೊಂಡೆ. ನಮ್ಮ ದೇಶದಲ್ಲಿ ಒಳ್ಳೆಯ ತಂಡಗಳು ಮುಚ್ಚಿಹೋದದ್ದು ಆಟದ ಕೊರತೆಯಿಂದಲ್ಲ ಎಂಬುದನ್ನು ನನ್ನ ಪೀಳಿಗೆಯವರು ಕಣ್ಣಾರೆ ಕಂಡಿದ್ದರು. 1996–97ರಲ್ಲಿ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗನ್ನು ಗೆದ್ದ ಪಂಜಾಬಿನ ಜವಳಿ ಕಂಪನಿ ಜೆಸಿಟಿ 2011ರಲ್ಲಿ ತನ್ನ ತಂಡವನ್ನು ವಿಸರ್ಜಿಸಿತು. 2005–06ರ ಚಾಂಪಿಯನ್ ಮಹೀಂದ್ರ ಯುನೈಟೆಡ್ ಅದಕ್ಕೂ ಒಂದು ವರ್ಷ ಮೊದಲೇ ಇಲ್ಲವಾಗಿತ್ತು. ಚಾಂಪಿಯನ್ ತಂಡವೂ ಒಬ್ಬನೇ ಪೋಷಕನ ಮೇಲೆ ನಿಂತಿದ್ದರೆ ಆ ಪೋಷಕನ ಒಂದು ತೀರ್ಮಾನಕ್ಕೆ ಅದು ಕೊನೆಗೊಳ್ಳುತ್ತದೆ. ಭದ್ರಾವತಿಯಲ್ಲಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಬ್ಬಿಣದ ಕಾರ್ಖಾನೆಯೂ ಕಾಗದದ ಕಾರ್ಖಾನೆಯೂ ಚೆನ್ನಾಗಿ ನಡೆಯುತ್ತಿದ್ದಷ್ಟು ಕಾಲ ಊರಿನ ಮೈದಾನಗಳೂ ತುಂಬಿರುತ್ತಿದ್ದವು.

ಆಟಗಾರರು ಆಡಳಿತಕ್ಕೆ ಬರುವುದು ಯುರೋಪಿನಲ್ಲಿ ಹೊಸದಲ್ಲ. ಮೊಣಕಾಲಿನ ಗಾಯದಿಂದ ಆಟ ಬಿಟ್ಟ ಉಲಿ ಹೋನೆಸ್ 1979ರಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೇ, ಸಾಲದಲ್ಲಿದ್ದ ಜರ್ಮನಿಯ ಬಾಯರ್ನ್ ಮ್ಯೂನಿಕ್ ಕ್ಲಬ್ಬಿನ ವ್ಯವಸ್ಥಾಪಕರಾದರು. ಗೋಲ್‌ಕೀಪರ್ ಎಡ್ವಿನ್ ವಾನ್ ಡೆರ್ ಸಾರ್ 2011ರಲ್ಲಿ ನಿವೃತ್ತರಾದ ಮೇಲೆ ಕ್ರೀಡಾ ನಿರ್ವಹಣೆಯನ್ನು ಓದಿಕೊಂಡು, ನೆದರ್ಲೆಂಡ್ಸ್‌ನ ಅಯಾಕ್ಸ್ ಕ್ಲಬ್ಬಿನ ಮಾರುಕಟ್ಟೆ ವಿಭಾಗದಲ್ಲಿ ದುಡಿದು, 2016ರಲ್ಲಿ ಅದರ ಮುಖ್ಯ ಕಾರ್ಯನಿರ್ವಾಹಕರಾದರು. ಈ ಎರಡನೆಯ ದಾರಿಯೇ ನನಗೆ ಹೆಚ್ಚು ಗೌರವಾರ್ಹವಾಗಿ ಕಂಡಿತು, ಏಕೆಂದರೆ ಚೆಂಡಿನ ಮೇಲಿನ ಹಿಡಿತ ಲೆಕ್ಕದ ಪುಸ್ತಕದ ಮೇಲಿನ ಹಿಡಿತವಾಗಿ ತಾನಾಗಿ ಬದಲಾಗುವುದಿಲ್ಲ. ನಾನು ಅಂಚೆ ಶಿಕ್ಷಣದಲ್ಲಿ ಕ್ರೀಡಾ ನಿರ್ವಹಣೆಯ ಡಿಪ್ಲೊಮಾ ಮಾಡಿದೆ. ಬೆಂಗಳೂರಿನ ಕ್ಲಬ್ಬೊಂದರಲ್ಲಿ ಟಿಕೆಟ್ ಮತ್ತು ಪ್ರಾಯೋಜಕತ್ವದ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಆದರೂ ಜಮಾಖರ್ಚನ್ನು ನಿಜವಾಗಿ ಓದಲು ಕಲಿತದ್ದು ಶಿವಮೊಗ್ಗಕ್ಕೆ ಮರಳಿದ ನಂತರ, ದುರ್ಗಿಗುಡಿಯ ಲೆಕ್ಕಪರಿಶೋಧಕರೊಬ್ಬರ ಎದುರು ಕುಳಿತು. ಲಾಭ ತೋರಿಸುವ ಸಂಸ್ಥೆಯೂ ಸಂಬಳದ ದಿನ ಕೈಯಲ್ಲಿ ಹಣವಿಲ್ಲದೆ ನಿಲ್ಲಬಹುದು ಎಂಬುದನ್ನು ನನಗೆ ಮನಗಾಣಿಸಿದವರು ಅವರು.

ಪುಸ್ತಕದ ಪ್ರಕಾರ ಕ್ಲಬ್ಬಿನ ಆದಾಯಕ್ಕೆ ಮೂರು ಮೂಲಗಳು: ಪಂದ್ಯದ ದಿನದ ಗಳಿಕೆ, ಪ್ರಸಾರದ ಹಕ್ಕು, ಮತ್ತು ಪ್ರಾಯೋಜಕತ್ವವೂ ಸೇರಿದ ವಾಣಿಜ್ಯ ಆದಾಯ. ಜಿಲ್ಲಾ ಕೇಂದ್ರದ ಕ್ಲಬ್ಬಿಗೆ ಪ್ರಸಾರದ ಹಣ ಇಲ್ಲ, ಟಿಕೆಟ್ಟಿನ ಹಣವೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನಾನು ಮೊದಲು ಕೈಹಾಕಿದ್ದು ಹಣದ ಮೊತ್ತಕ್ಕಲ್ಲ, ಹಣ ಬರುವ ತಿಂಗಳುಗಳಿಗೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಹುಡುಗರು ಮಳೆಯಲ್ಲೂ ಸಂತೋಷದಿಂದ ಆಡುತ್ತಾರೆ, ಆದರೆ ಹಾಗೆ ತುಳಿಸಿಕೊಂಡ ಹುಲ್ಲು ದಸರಾ ಹೊತ್ತಿಗೆ ಉಳಿದಿರುವುದಿಲ್ಲ. ತರಬೇತಿ ಶುಲ್ಕವನ್ನು ಜೂನ್‌ನಲ್ಲಿ ಕೇಳುವುದು ಎಲ್ಲ ಕಡೆಯ ರೂಢಿ. ಆದರೆ ಅದು ಶಾಲೆಯ ಶುಲ್ಕ, ಸಮವಸ್ತ್ರ, ಪುಸ್ತಕ ಎಲ್ಲವೂ ಒಟ್ಟಿಗೆ ಬೀಳುವ ತಿಂಗಳು. ಅಡಿಕೆ ಬೆಳೆಯುವ ಮನೆಯಲ್ಲಿ ಕೈಗೆ ಹಣ ಬರುವುದು ಗೊನೆ ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿದ ರಾಶಿ ಮಂಡಿ ಸೇರಿದ ಮೇಲೆ. ಆದ್ದರಿಂದ ಶುಲ್ಕದ ಸಣ್ಣ ಕಂತನ್ನು ದೀಪಾವಳಿಯ ನಂತರಕ್ಕೂ ದೊಡ್ಡ ಕಂತನ್ನು ಫೆಬ್ರವರಿಗೂ ಇಟ್ಟೆವು. ಶುಲ್ಕವನ್ನು ಒಂದು ರೂಪಾಯಿ ಹೆಚ್ಚಿಸದಿದ್ದರೂ ಬಾಕಿ ಗಣನೀಯವಾಗಿ ಇಳಿಯಿತು. ಮಧ್ಯದಲ್ಲಿ ಬಿಟ್ಟುಹೋಗುವ ಮಕ್ಕಳೂ ಕಡಿಮೆಯಾದರು, ಏಕೆಂದರೆ ಬಾಕಿ ಉಳಿಸಿಕೊಂಡ ತಂದೆತಾಯಿ ಸಂಕೋಚದಿಂದ ಮಗುವನ್ನೇ ಕಳಿಸುವುದನ್ನು ನಿಲ್ಲಿಸುತ್ತಾರೆ. ತರಬೇತಿಯ ಸಮಯವನ್ನೂ ಇದೇ ರೀತಿ ಗಾಜನೂರು, ಆಯನೂರು, ಹೊಳೆಹೊನ್ನೂರಿನ ಬಸ್ಸುಗಳಿಗೆ ಹೊಂದಿಸಿದೆವು. ಬಸ್ಸು ತಪ್ಪುವ ಭಯವಿರುವ ಹುಡುಗನ ಮನಸ್ಸು ಆಟದ ಕೊನೆಯ ಕಾಲು ಗಂಟೆ ಮೈದಾನದಲ್ಲಿರುವುದಿಲ್ಲ.

ನಾನು ಅತಿ ಹೆಚ್ಚು ಶ್ರಮ ಹಾಕಿದ್ದು ಪ್ರಾಯೋಜಕರ ವಿಷಯದಲ್ಲಿ. ಒಬ್ಬ ದೊಡ್ಡ ಪ್ರಾಯೋಜಕ ಸಿಕ್ಕರೆ ಕೆಲಸ ಹಗುರ, ನಿಜ. ಆದರೆ ಮೇಲೆ ಹೇಳಿದ ತಂಡಗಳ ಗತಿ ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಒಟ್ಟು ಖರ್ಚಿನ ಕಾಲು ಭಾಗಕ್ಕಿಂತ ಹೆಚ್ಚನ್ನು ಯಾರೊಬ್ಬರಿಂದಲೂ ಪಡೆಯಬಾರದೆಂದು ಆಡಳಿತ ಸಮಿತಿಯಲ್ಲಿ ನಿರ್ಣಯ ಮಾಡಿಸಿದೆ. ಇದಕ್ಕೆ ವಿರೋಧವೂ ಬಂತು, ಬರಬೇಕಾದದ್ದೇ. ಗಾಂಧಿ ಬಜಾರಿನ ಹಿರಿಯ ವ್ಯಾಪಾರಿಯೊಬ್ಬರು, "ಏನಪ್ಪಾ, ನಿಮ್ಮ ಬೋರ್ಡನ್ನು ಅಲ್ಲಿ ಯಾರು ನೋಡ್ತಾರೆ?" ಎಂದು ಕೇಳಿದರು. "ದಿನಾ ಸಂಜೆ ಮಕ್ಕಳನ್ನ ಕರ್ಕೊಂಡು ಬರೋ ತಾಯಂದಿರು ನೋಡ್ತಾರೆ ಶೆಟ್ರೇ, ನಿಮ್ಮ ಅಂಗಡಿಗೆ ಬರೋರೂ ಅವರೇ" ಎಂದು ಉತ್ತರಿಸಿ, ಯಾವ ಬಡಾವಣೆಯಿಂದ ಎಷ್ಟು ಮಕ್ಕಳು ಬರುತ್ತಾರೆ ಎಂಬ ಪಟ್ಟಿಯನ್ನು ಅವರ ಮುಂದಿಟ್ಟೆ. ಅವರು ಹಣದ ಜೊತೆಗೆ ಒಂದು ವಯೋಮಿತಿ ತಂಡದ ಸಮವಸ್ತ್ರವನ್ನೂ ಕೊಟ್ಟರು. ಸಣ್ಣ ಊರಿನಲ್ಲಿ ಪ್ರಾಯೋಜಕತ್ವ ಕೇಳಲು ಹೋಗುವವರು ಕ್ರೀಡಾಪ್ರೇಮದ ಭಾಷಣವನ್ನು ಬದಿಗಿಟ್ಟು ಇಂತಹ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ನಡುವಿನ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಗೆದ್ದಾಗ ನಮ್ಮ ಮಾತಿಗೆ ಬೆಲೆ ಹೆಚ್ಚಿತು. 1968–69ರಲ್ಲಿ ಮೈಸೂರು ರಾಜ್ಯದ ಹೆಸರಿನಲ್ಲಿ ಗೆದ್ದ ಮೇಲೆ ಬಂದ ಮೊದಲ ಪ್ರಶಸ್ತಿ ಅದು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದ ಬಗ್ಗೆ ಅನೇಕರು ಕೇಳುತ್ತಾರೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು, ಮತ್ತು ಕ್ರೀಡಾ ತರಬೇತಿ ಆ ಕಾರ್ಯಗಳ ಪಟ್ಟಿಯಲ್ಲಿದೆ. ಆದರೆ 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಟ್ರಸ್ಟ್, ಪಾನ್, ಲೆಕ್ಕಪರಿಶೋಧನೆ ಇವನ್ನೆಲ್ಲ ಸರಿಮಾಡಿಕೊಳ್ಳದೆ ಕಂಪನಿಯ ಬಾಗಿಲಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ತರಬೇತುದಾರರ ಸಂಬಳವನ್ನು ನಾವು ಈ ಹಣದ ಮೇಲೂ ಪ್ರಾಯೋಜಕರ ಮೇಲೂ ಬಿಡಲಿಲ್ಲ. ಐದು ಜನರ ಆಟಕ್ಕೆ ಸರಿಹೋಗುವ, ಕೃತಕ ಹುಲ್ಲಿನ ಟರ್ಫ್ ಅಂಕಣವನ್ನು ದೀರ್ಘಾವಧಿಯ ಗುತ್ತಿಗೆಗೆ ಪಡೆದು, ಮಕ್ಕಳ ತರಬೇತಿ ಮುಗಿದ ಮೇಲೆ ರಾತ್ರಿಯ ಗಂಟೆಗಳನ್ನು ಬ್ಯಾಂಕ್, ಅಂಗಡಿ, ಆಸ್ಪತ್ರೆಗಳಲ್ಲಿ ದುಡಿಯುವ ಯುವಕರಿಗೆ ಬಾಡಿಗೆಗೆ ಕೊಟ್ಟೆವು. ಮಳೆಗಾಲದಲ್ಲಿ ಮಣ್ಣಿನ ಮೈದಾನಗಳು ನಿಂತಾಗಲೇ ಇದರ ಬೇಡಿಕೆ ಹೆಚ್ಚುವುದರಿಂದ ಉಳಿದ ಆದಾಯ ಬತ್ತುವ ತಿಂಗಳುಗಳಲ್ಲಿ ಸಂಬಳ ನಿಲ್ಲುವುದಿಲ್ಲ.

ನಾನು ಇಂದಿಗೂ ಬೇರೆಯವರ ಕೈಗೆ ಬಿಡದ ಕೆಲಸವೆಂದರೆ ಆಟಗಾರರ ನೋಂದಣಿ. ಫಿಫಾ ನಿಯಮದಂತೆ, ಒಪ್ಪಂದದ ಅವಧಿ ಮುಗಿಯುವ ಮೊದಲೇ ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾವಣೆಯಾಗಿ, ಅದಕ್ಕಾಗಿ ಹೊಸ ಕ್ಲಬ್ಬು ಹಳೆಯ ಕ್ಲಬ್ಬಿಗೆ ಹಣ ಕೊಟ್ಟರೆ, ಆ ಮೊತ್ತದ ಶೇ. 5ರಷ್ಟು ಅವನನ್ನು ಹನ್ನೆರಡರಿಂದ ಇಪ್ಪತ್ಮೂರನೆಯ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಹದಿನೈದರವರೆಗಿನ ಪ್ರತಿ ವರ್ಷಕ್ಕೆ ಮೊತ್ತದ ಶೇ. 0.25, ಅಲ್ಲಿಂದ ಮುಂದೆ ಪ್ರತಿ ವರ್ಷಕ್ಕೆ ಶೇ. 0.5. ಅಂದರೆ ಹನ್ನೆರಡರಿಂದ ಹದಿನೈದರವರೆಗೆ ನಾಲ್ಕು ವರ್ಷ ನಮ್ಮಲ್ಲಿ ಆಡಿದ ಹುಡುಗ ಮುಂದೆ 1 ಕೋಟಿ ರೂಪಾಯಿಗೆ ಹೀಗೆ ವರ್ಗಾವಣೆಯಾದರೆ ನಮ್ಮ ಪಾಲು 1 ಲಕ್ಷ. ಅಂತಹ ವರ್ಗಾವಣೆ ನಮ್ಮ ಕಡೆಯ ಮಕ್ಕಳಿಗೆ ಅಪರೂಪದ ಮಾತು. ಆದರೆ ನೋಂದಣಿಯಾಗದ ವರ್ಷಕ್ಕೆ ಪಾಲು ಕೇಳಲು ಆಧಾರವೇ ಇರುವುದಿಲ್ಲ, ಮತ್ತು ನಾಲ್ಕು ವರ್ಷ ಚೆಂಡು ಹಿಡಿದು ಕಲಿಸಿದ ಊರಿನ ಹೆಸರು ಆ ಹುಡುಗನ ದಾಖಲೆಯಲ್ಲಿ ಇರಲೇಬೇಕೆಂಬ ಹಟ ನನಗಿದೆ. ಅದಕ್ಕಾಗಿ ಜನನ ಪ್ರಮಾಣಪತ್ರ, ಪೋಷಕರ ಒಪ್ಪಿಗೆ, ಭಾವಚಿತ್ರಗಳನ್ನು ಮಗು ಹನ್ನೆರಡು ತುಂಬುವ ಮೊದಲೇ ಸಂಗ್ರಹಿಸಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ಸೇರಿದೆಯೇ ಎಂದು ಪ್ರತಿ ಋತುವಿನ ಆರಂಭದಲ್ಲಿ ನಾನೇ ಕುಳಿತು ಪರಿಶೀಲಿಸುತ್ತೇನೆ.