ಮೊದಲು ಕಾಲು, ಆಮೇಲೆ ಮೀಸೆ

ಆರು ವರ್ಷದ ಹಿಂದಿನ ಮಾತು. ನಮ್ಮ ಹವ್ಯಾಸಿ ತಂಡದ ನಾಟಕಕ್ಕೆ ಇನ್ನು ಇಪ್ಪತ್ತೆರಡು ದಿನ ಇದೆ ಅನ್ನುವಾಗ ಇಬ್ಬರು ಕೈಕೊಟ್ಟರು. ಒಬ್ಬನಿಗೆ ಕಲಬುರಗಿಗೆ ವರ್ಗ, ಇನ್ನೊಬ್ಬನಿಗೆ ಮದುವೆ. ನಿರ್ದೇಶಕರು, ನಮ್ಮ ಬಾಯಲ್ಲಿ ಮೇಷ್ಟ್ರು, ನನ್ನ ಕಡೆ ತಿರುಗಿ "ಮೂರೂ ನೀನೇ ಮಾಡಿಬಿಡಪ್ಪ" ಅಂದರು. ಶಾನುಭೋಗ, ದಫೇದಾರ, ಕೊನೆಯ ಅಂಕದಲ್ಲಿ ಬರುವ ಕಾಯಿಲೆಯ ಪಟೇಲ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಶಾನುಭೋಗನಿಗೆ ಮೂಗಿನ ದನಿ, ದಫೇದಾರನಿಗೆ ಹುರಿ ಮೀಸೆ, ಪಟೇಲನಿಗೆ ಕೆಮ್ಮು. ಮೊದಲ ಪೂರ್ತಿ ರಿಹರ್ಸಲ್‌ನಲ್ಲಿ ಟೀ ತಂದ ಹುಡುಗ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಪಟೇಲನಾಗಿ ನಾನು ಒಳಗೆ ಬಂದದ್ದೇ ತಡ, "ಪೊಲೀಸ್ನೋರು ಪಂಚೆ ಉಟ್ಕೊಂಡು ಬಂದವ್ರೆ ಸಾರ್" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಆ ವಾರವೇ ನಾನು ಬ್ರಿಟಿಷ್ ನಟ ಅಲೆಕ್ ಗಿನ್ನೆಸ್‌ನನ್ನು ಸರಿಯಾಗಿ ನೋಡಲು ಕೂತದ್ದು. ಅಲ್ಲಿಯವರೆಗೆ ನನಗೆ ಆತ 1977ರ ಸ್ಟಾರ್ ವಾರ್ಸ್‌ನ ಗಡ್ಡದ ಮುದುಕ, ಅಷ್ಟೇ. 1949ರಲ್ಲಿ ಈಲಿಂಗ್ ಸ್ಟುಡಿಯೋದವರು ತೆಗೆದ ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್‌ನಲ್ಲಿ ಒಂದೇ ಮನೆತನದ ಎಂಟು ಜನರ ಪಾತ್ರವನ್ನೂ ಅವನೊಬ್ಬನೇ ಮಾಡಿದ್ದಾನೆ. ಮೊದಲು ಕೊಟ್ಟದ್ದು ನಾಲ್ಕು ಪಾತ್ರವಂತೆ. ನಾಲ್ಕೇ ಯಾಕೆ, ಎಂಟೂ ಕೊಡಿ ಎಂದು ಕೇಳಿದ್ದು ಅವನೇ. ಆಗ ಅವನಿಗೆ ಮೂವತ್ತೈದೂ ತುಂಬಿರಲಿಲ್ಲ. ಪಾದ್ರಿ, ನೌಕಾ ಸೇನಾಧಿಪತಿ, ಸ್ತ್ರೀಯರ ಮತದ ಹಕ್ಕಿಗೆ ಹೋರಾಡುವ ಹೆಂಗಸು. ಚರ್ಚಿನ ಒಂದು ದೃಶ್ಯದಲ್ಲಿ ಆರು ಜನ ಒಟ್ಟಿಗೆ ಕಾಣುತ್ತಾರೆ. ಕಂಪ್ಯೂಟರ್ ಇಲ್ಲದ ಕಾಲ. ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಲೆನ್ಸ್‌ನ ಒಂದೊಂದು ಭಾಗ ಬಿಟ್ಟು ಉಳಿದದ್ದನ್ನು ಮುಚ್ಚಿ, ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ತೆಗೆದಿದ್ದಾರೆ. ಯಾರಾದರೂ ಮುಟ್ಟಿಬಿಟ್ಟಾರೆಂದು ಛಾಯಾಗ್ರಾಹಕ ಡಗ್ಲಸ್ ಸ್ಲೊಕೊಂಬ್ ರಾತ್ರಿ ಕ್ಯಾಮೆರಾ ಪಕ್ಕದಲ್ಲೇ ಮಲಗಿದ್ದನಂತೆ.

ಎರಡನೇ ಸಲ ನೋಡುವಾಗ ಟಿವಿಯ ಸದ್ದು ಆರಿಸಿದೆ. ಮಾತು ಹೋದರೂ ಎಂಟು ಜನ ಎಂಟು ಜನರಾಗಿಯೇ ಉಳಿದರು. ಒಬ್ಬನ ಭಾರ ಹಿಮ್ಮಡಿಯ ಮೇಲೆ, ಇನ್ನೊಬ್ಬನ ಭಾರ ಹೊಟ್ಟೆಯ ಮೇಲೆ. ಗಿನ್ನೆಸ್ ಪಾತ್ರ ಕಟ್ಟುತ್ತಿದ್ದದ್ದು ನಡಿಗೆಯಿಂದ ಎಂದು ಅವನನ್ನು ಬಲ್ಲವರೆಲ್ಲ ಹೇಳುತ್ತಾರೆ. 1979ರಲ್ಲಿ ಬಿಬಿಸಿಗೆ ಗೂಢಚಾರ ಜಾರ್ಜ್ ಸ್ಮೈಲಿಯ ಪಾತ್ರ ಮಾಡುವ ಮುಂಚೆ, ಬ್ರಿಟಿಷ್ ಗೂಢಚರ್ಯೆಯ ಮಾಜಿ ಮುಖ್ಯಸ್ಥ ಮಾರಿಸ್ ಓಲ್ಡ್‌ಫೀಲ್ಡ್ ಜೊತೆ ಊಟಕ್ಕೆ ಹೋಗಿದ್ದನಂತೆ. ಆಡಿದ ಮಾತಿಗಿಂತ ಆ ಮನುಷ್ಯನ ಚರ್ಯೆಯ ಮೇಲೇ ಅವನ ಕಣ್ಣು.

ಮರುದಿನದಿಂದ ನಾನು ಮೀಸೆ ಮುಟ್ಟಲಿಲ್ಲ, ಮೂರು ಜೊತೆ ಮೆಟ್ಟು ಹೊಂದಿಸಿದೆ. ಶಾನುಭೋಗನಿಗೆ ನನಗಿಂತ ಒಂದು ಸೈಜು ದೊಡ್ಡ ಚಪ್ಪಲಿ. ಅದು ಕಳಚದಂತೆ ಬೆರಳಲ್ಲಿ ಹಿಡಿದು ನಡೆಯಬೇಕು, ಹೆಜ್ಜೆ ತಾನಾಗಿಯೇ ಚಿಕ್ಕದಾಯಿತು. ಹೆಜ್ಜೆ ಚಿಕ್ಕದಾದಂತೆ ಕತ್ತು ಮುಂದಕ್ಕೆ ಬಂತು, ಕಣ್ಣು ನೆಲಕ್ಕೆ ಇಳಿಯಿತು. ನಾನು ಹಾಕಿಕೊಂಡಿದ್ದ ಮೂಗಿನ ದನಿ ಅಲ್ಲಿಗೆ ಬೇಡವೇ ಆಯಿತು. ಆ ಕತ್ತಿನಿಂದ ಬರುವ ದನಿಯೇ ಬೇರೆ. ದಫೇದಾರನಿಗೆ ಗುಜರಿಯಲ್ಲಿ ತಂದ ಬೂಟು. ಅವನು ಎರಡು ದಿನದಲ್ಲಿ ಸಿಕ್ಕಿಬಿಟ್ಟ.

ಪಟೇಲ ಮಾತ್ರ ಸಿಗಲಿಲ್ಲ.

1957ರ ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್‌ನಲ್ಲಿ ಒಂದು ಜಾಗವಿದೆ. ತಗಡಿನ ಗೂಡಿನಲ್ಲಿ ದಿನಗಟ್ಟಲೆ ಬೆಂದ ಯುದ್ಧಕೈದಿ ಕರ್ನಲ್ ನಿಕಲ್ಸನ್ ಹೊರಬಂದು ಜಪಾನಿ ಅಧಿಕಾರಿಯ ಕಡೆ ನಡೆಯುತ್ತಾನೆ. ಮಂಡಿ ಹಿಡಿತದಲ್ಲಿಲ್ಲ, ಬೆನ್ನು ಮಾತ್ರ ಬಾಗದು. ಗಿನ್ನೆಸ್‌ಗೆ ಆಸ್ಕರ್ ತಂದುಕೊಟ್ಟ ಪಾತ್ರ. ಆ ನಡಿಗೆ ಎಲ್ಲಿಂದ ಬಂತು ಎಂದರೆ, ಅವನ ಹನ್ನೊಂದು ವರ್ಷದ ಮಗನಿಂದ. ಪೋಲಿಯೋ ಬಂದು ಚೇತರಿಸಿಕೊಳ್ಳುವಾಗ ಹುಡುಗ ಹೆಜ್ಜೆಯಿಡುತ್ತಿದ್ದ ರೀತಿ ಅದು. ಇದನ್ನು ಓದಿ ನನಗೆ ಒಂಥರಾ ಕಸಿವಿಸಿ. ಮಗ ಒದ್ದಾಡುವಾಗ ಅಪ್ಪನೊಳಗಿನ ನಟ ನೋಡುತ್ತಿದ್ದನೇ? ಆಮೇಲೆ ನಾನು ಮಾಡಿದ್ದೂ ಅದನ್ನೇ.

ನಮ್ಮಪ್ಪನಿಗೆ ಅದರ ಹಿಂದಿನ ವರ್ಷ ಲಕ್ವಾ ಹೊಡೆದಿತ್ತು. ಬೆಳಿಗ್ಗೆ ಬಚ್ಚಲುಮನೆಯಿಂದ ಹಜಾರಕ್ಕೆ ಹದಿನಾಲ್ಕು ಹೆಜ್ಜೆ. ನಾನು ಪೇಪರ್ ಹಿಡಿದು ಎದುರಿನ ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದೆ. ಬಿದ್ದ ಕಾಲನ್ನು ಸೊಂಟದಿಂದ ಎತ್ತಿ, ಹೊರಗೆ ಅರ್ಧಚಂದ್ರ ಬಳಸಿ ಇಡುತ್ತಿದ್ದರು. ಬಾಗಿಲ ಹತ್ತಿರ ಬಂದಾಗ ಒಂದು ಕ್ಷಣ ನಿಂತು, ಚೌಕಟ್ಟು ಹಿಡಿಯುವ ಮೊದಲು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣಾಡಿಸುತ್ತಿದ್ದರು. ಪಟೇಲನಿಗೆ ಬೇಕಿದ್ದದ್ದು ಆ ಕಣ್ಣು. ಕೆಮ್ಮನ್ನು ಪೂರ್ತಿ ತೆಗೆದುಹಾಕಿದೆ.

ಗಿನ್ನೆಸ್ ತಪ್ಪಿದ್ದೂ ಉಂಟು. ನಮ್ಮ ಬೆಂಗಳೂರು, ಸಾವನದುರ್ಗಗಳಲ್ಲಿ ಚಿತ್ರೀಕರಣವಾಗಿ 1984ರಲ್ಲಿ ತೆರೆಕಂಡ ಎ ಪ್ಯಾಸೇಜ್ ಟು ಇಂಡಿಯಾದಲ್ಲಿ ಅವನು ಪ್ರೊಫೆಸರ್ ಗೋಡ್ಬೋಲೆ. ಬಣ್ಣ ಬಳಿದು, ಪೇಟ ಸುತ್ತಿ ಕೂರಿಸಿದ್ದಾರೆ. ಸಂಕಲನದಲ್ಲಿ ಪಾತ್ರ ಕತ್ತರಿಗೆ ಸಿಕ್ಕಿದ್ದಕ್ಕೆ ಅವನಿಗೆ ಬೇಸರವಾಯಿತು ಅನ್ನುವುದು ಬೇರೆ ವಿಷಯ. ಉಳಿದಿರುವುದನ್ನು ನೋಡಿದರೂ ನನಗೆ ಒಬ್ಬ ಬ್ರಾಹ್ಮಣ ಕಾಣುವುದಿಲ್ಲ, ಬ್ರಾಹ್ಮಣರನ್ನು ದೂರದಿಂದ ಕಂಡವನೊಬ್ಬ ಕಾಣುತ್ತಾನೆ. ನಿರ್ದೇಶಕ ಡೇವಿಡ್ ಲೀನ್ ಬೇರೆ ಯಾರನ್ನಾದರೂ ಹಾಕಿಕೊಳ್ಳಬೇಕಿತ್ತು; ಹೀಗೆ ಅಂದವನು ನಾನೊಬ್ಬನೇ ಅಲ್ಲ. ಎದುರು ಕುರ್ಚಿಯಲ್ಲಿ ಕೂತು ಹದಿನಾಲ್ಕು ಹೆಜ್ಜೆ ಎಣಿಸುವಷ್ಟು ಹತ್ತಿರ ಅವನಿಗೆ ಯಾವ ಗೋಡ್ಬೋಲೆಯೂ ಇರಲಿಲ್ಲ ಎಂದು ನನ್ನ ಲೆಕ್ಕ.

ನಾಟಕದ ದಿನ ಅಪ್ಪನನ್ನು ಆಟೋದಲ್ಲಿ ಕರೆತಂದು ಮುಂದಿನ ಸಾಲಿನ ತುದಿಗೆ ಕೂರಿಸಿದೆವು. ಶಾನುಭೋಗ ಬಂದಾಗ ಜನ ನಕ್ಕರು. ದಫೇದಾರನ ಮೀಸೆ ಬೆವರಿಗೆ ಅರ್ಧ ಕಿತ್ತು ಬಂತು, ಬೂಟಿನ ದೆಸೆಯಿಂದ ಯಾರಿಗೂ ಗೊತ್ತಾಗಲಿಲ್ಲ. ಪಟೇಲ ಬಾಗಿಲ ಚೌಕಟ್ಟಿನ ಹತ್ತಿರ ನಿಂತಾಗ ಸಭಾಂಗಣ ತಣ್ಣಗಾಯಿತು. ಅಪ್ಪನ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಮನೆಗೆ ಬಂದು ಮೊಸರನ್ನ ಕಲಸಿ ಕೊಟ್ಟೆ. ಎರಡು ತುತ್ತು ತಿಂದ ಮೇಲೆ ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ನಂದು ಎಡಗಾಲು ಕಣೋ" ಅಂದರು. "ನೀನು ಬಲಗಾಲು ಎಳೀತಿದ್ದೆ."

ಹೌದು. ದಿನವೂ ಎದುರಿಗೆ ಕೂತು ಕಲಿತಿದ್ದೆ, ಕನ್ನಡಿಯಲ್ಲಿ ನೋಡಿದ ಹಾಗೆ. ಎರಡನೇ ಪ್ರದರ್ಶನಕ್ಕೆ ಕಾಲು ಬದಲಿಸಲೇ ಅಂತ ಕೇಳಿದೆ. "ಬೇಡ, ಅದು ಪಟೇಲಂದು, ಹಾಗೇ ಇರ್ಲಿ" ಅಂದು ಉಪ್ಪಿನಕಾಯಿ ಕೇಳಿದರು.