ಏಳು ಸುತ್ತಿಗೂ ಒಂದೇ ಬಾಗಿಲು

ಚಿತ್ರದುರ್ಗದ ಕಾಲೇಜೊಂದರಲ್ಲಿ ಬಿಸಿಎ ಮೊದಲ ವರ್ಷದವರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ. ಹೊಳಲ್ಕೆರೆ, ಚಳ್ಳಕೆರೆ ಕಡೆಯ ಹಳ್ಳಿಗಳಿಂದ ಬರುವ ಕನ್ನಡ ಮಾಧ್ಯಮದ ಮಕ್ಕಳೇ ಹೆಚ್ಚು. ಮೊದಮೊದಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅವರು ಅಂದವಾಗಿ ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅಷ್ಟೇ ಅಂದವಾಗಿ ತಪ್ಪು ಬರೆಯುತ್ತಿದ್ದರು.

ಕಣ್ಣಿಗೆ ಕಾಣುವಂತೆ ಕಲಿಸೋಣವೆಂದು ಮೊದಲು ಹಿಡಿದದ್ದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ 2007ರಲ್ಲಿ ಹೊರತಂದ, ಆದೇಶಗಳ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಪರದೆಯ ಮೇಲಿನ ಬೆಕ್ಕನ್ನು ಆಡಿಸುವ ಸಾಧನ. ಎರಡು ವಾರ ಓಡಿತು. ಮೂರನೆಯ ವಾರ ಹಿಂದಿನ ಬೆಂಚಿನವರು ಆಕಳಿಸತೊಡಗಿದರು. ಶಾಲಾಮಕ್ಕಳಿಗೆ ಅದು ಒಳ್ಳೆಯದೇ, ಹದಿನೆಂಟರ ಹುಡುಗರಿಗೆ ಬೆಕ್ಕನ್ನು ಓಡಿಸುವುದರಲ್ಲಿ ಮರ್ಯಾದೆಯ ಪ್ರಶ್ನೆ ಇರುತ್ತದೆ.

ಆಗ ಆಮೆಯನ್ನು ಕರೆತಂದೆ. ಮಕ್ಕಳಿಗೆಂದು ಮಾಡಿದ ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆ 1967ರದು. ಹೇಳಿದಂತೆ ಚಲಿಸುತ್ತಾ ಪೆನ್ನಿನಿಂದ ಗೆರೆ ಎಳೆಯುವ ಅದರ ಆಮೆ ಈಗ ಟರ್ಟಲ್ ಎಂಬ ಹೆಸರಿನಲ್ಲಿ ಪೈಥಾನ್ ಜೊತೆಗೇ ಬರುತ್ತದೆ, ಇಂಟರ್ನೆಟ್ ಬೇಡ. ನಮ್ಮ ಏಳು ಸುತ್ತಿನ ಕೋಟೆಯನ್ನು ಬರೆಯಿರಿ ಎಂದೆ. ಒಬ್ಬಳು, ಎಲ್ಲಿಂದ ಎಲ್ಲಿಯವರೆಗೆ ಎಣಿಸಬೇಕೆಂದು ಹೇಳುವ ರೇಂಜಿಗೆ 1, 7 ಕೊಟ್ಟು ಓಡಿಸಿದಳು. ಎಣಿಸಿದರೆ ಆರೇ ಸುತ್ತು. ರೇಂಜ್ ಕೊನೆಯ ಸಂಖ್ಯೆಯನ್ನು ಮುಟ್ಟುವುದಿಲ್ಲ ಎಂದು ನಾನು ಹತ್ತು ಸಲ ಹೇಳಿದ್ದೆ. ಕೋಟೆಯ ಒಂದು ಸುತ್ತು ಕಳೆದುಹೋದ ಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ. 8 ಎಂದು ತಿದ್ದಿದಳು. ಏಳು ವೃತ್ತಗಳು ಬಂದವು, ಆದರೆ ಎಲ್ಲವೂ ಬುಡದ ಒಂದೇ ಬಿಂದುವಿಗೆ ಅಂಟಿಕೊಂಡಿದ್ದವು. ಪಕ್ಕದವನು ಇಣುಕಿ, "ಏಳು ಸುತ್ತಿಗೂ ಒಂದೇ ಬಾಗಿಲು, ಶತ್ರುಗಳಿಗೆ ಸಲೀಸು" ಎಂದ. ಆಮೆ ವೃತ್ತವನ್ನು ತನ್ನ ಸುತ್ತ ಬರೆಯುವುದಿಲ್ಲ, ನಿಂತ ಜಾಗದಿಂದ ಹೊರಟು ಎಡಗಡೆಯ ಕೇಂದ್ರವನ್ನು ಸುತ್ತಿ ಬರುತ್ತದೆ. ಪ್ರತಿ ಸುತ್ತಿಗೆ ಮೊದಲು ಪೆನ್ನು ಎತ್ತಿ, ತ್ರಿಜ್ಯದಷ್ಟು ಕೆಳಗಿಳಿದು ನಿಲ್ಲಬೇಕು. ಇದನ್ನು ಅವರಿಬ್ಬರೇ ಜಗಳವಾಡಿ ಕಂಡುಕೊಂಡರು.

ಹಲವು ಮೌಲ್ಯಗಳನ್ನು ಸಾಲಾಗಿ ಇಡುವ ಲಿಸ್ಟ್ ಬಂದಾಗ ಆಮೆ ಸಾಲಲಿಲ್ಲ. ಅಲ್ಲಿ ನೆರವಾದದ್ದು ಪೈಥಾನ್ ಟ್ಯೂಟರ್ ಎಂಬ ಜಾಲತಾಣ. ಒಂದೊಂದೇ ಸಾಲನ್ನು ನಡೆಸುತ್ತಾ ಹೆಸರುಗಳನ್ನು ಒಂದು ಕಡೆ, ವಸ್ತುಗಳನ್ನು ಇನ್ನೊಂದು ಕಡೆ ಇಟ್ಟು ನಡುವೆ ಬಾಣ ಎಳೆದು ತೋರಿಸುತ್ತದೆ. 'ಎ' ಎಂಬುದು ಒಂದು ಲಿಸ್ಟಿನ ಹೆಸರಾದರೆ, 'ಬಿ' ಎಂಬ ಹೆಸರಿಗೆ ಆ 'ಎ'ಯನ್ನು ಕೊಟ್ಟರೆ ನಕಲು ಸಿಕ್ಕಿತು ಎಂದೇ ಎಲ್ಲರ ನಂಬಿಕೆ. ಪರದೆಯ ಮೇಲೆ ಎರಡೂ ಬಾಣಗಳು ಒಂದೇ ಲಿಸ್ಟಿಗೆ ಹೋದವು. ಮನೆಯಲ್ಲಿ ಕರೆಯುವ ಹೆಸರು, ಹಾಜರಿ ಪುಸ್ತಕದ ಹೆಸರು, ಹುಡುಗ ಮಾತ್ರ ಒಬ್ಬನೇ ಎಂದೆ. ಒಂದು ಷರತ್ತು: ಮುಂದಿನ ಚಿತ್ರವನ್ನು ಹಾಳೆಯ ಮೇಲೆ ಬರೆದ ಮೇಲೆಯೇ ಮುಂದಿನ ಗುಂಡಿ ಒತ್ತಬೇಕು. ಇಲ್ಲದಿದ್ದರೆ ಟಿವಿ ನೋಡಿದಂತೆ ನೋಡಿ ಎದ್ದುಹೋಗುತ್ತಾರೆ.

ಕೆಲವು ಸಾಲುಗಳನ್ನು ಒಂದು ಹೆಸರಿನಡಿ ಕಟ್ಟಿಡುವ ಫಂಕ್ಷನ್ ಪಾಠದ ದಿನ ಇಂಟರ್ನೆಟ್ ಕೈಕೊಟ್ಟಿತು. ಪೆಟ್ಟಿಗೆ, ಬಾಣಗಳನ್ನು ನಾನೇ ಸೀಮೆಸುಣ್ಣದಲ್ಲಿ ಎಳೆದೆ. ಫಂಕ್ಷನ್ನಿನೊಳಗೆ ಲಿಸ್ಟಿಗೆ ಇನ್ನೊಂದು ಲಿಸ್ಟನ್ನು ಕೂಡಿಸಿ ಅದೇ ಹೆಸರಿಗೆ ಕೊಡುವ ಸಾಲು; ಹೀಗೆ ಕೂಡಿಸಿದರೆ ಹುಟ್ಟುವುದು ಹೊಸ ಲಿಸ್ಟ್, ನಾನು ಮಾತ್ರ ಹಳೆಯ ಪೆಟ್ಟಿಗೆಗೇ ಒಂದು ಮನೆ ಸೇರಿಸಿದೆ. ಕೋಟೆ ಬರೆದಿದ್ದ ಹುಡುಗಿ ಎದ್ದು ಬಂದು ಅದನ್ನು ಅಳಿಸಿ, ಪಕ್ಕದಲ್ಲಿ ಹೊಸ ಪೆಟ್ಟಿಗೆ ಬರೆದು, ಬಾಣವನ್ನು ಅದರ ಕಡೆಗೆ ತಿರುಗಿಸಿದಳು.