ಗ್ರೂಪಿನಲ್ಲಿ ಶುರುವಾದ ಚರ್ಚೆಯನ್ನು ಮುಗಿಸುವುದು ಹೇಗೆ

ಬಸ್ ನಿಲ್ದಾಣದಲ್ಲಿ ಗಾಲಿಕುರ್ಚಿ ಹತ್ತುವ ಹಾಗೆ ಒಂದು ಇಳಿಜಾರು ಮಾಡಿಕೊಡಿ ಅಂತ ಕೇಳುತ್ತಿದ್ದ ಗುಂಪೊಂದರಲ್ಲಿ ನಾನಿದ್ದೆ. ಒಬ್ಬರು ಮನವಿ ಪತ್ರದ ಕರಡನ್ನು ವಾಟ್ಸಾಪ್ ಗ್ರೂಪಿಗೆ ಹಾಕಿ ‘ಹೇಗಿದೆ, ನೋಡಿ ಹೇಳಿ’ ಅಂತ ಬರೆದರು. ಮೊದಲ ಉತ್ತರ ಬಂದದ್ದು ಅಕ್ಷರದ ಗಾತ್ರದ ಬಗ್ಗೆ. ಆಮೇಲೆ ಲೋಗೋ ನೀಲಿ ಇರಬೇಕಾ, ಹಸಿರಾ ಅಂತ ಶುರುವಾಯಿತು. ನಡುವೆ ಯಾರದೋ ಹುಟ್ಟುಹಬ್ಬ ಬಂತು, ಎಲ್ಲರೂ ಕೇಕಿನ ಚಿತ್ರ ಹಾಕಿದರು. ರಾತ್ರಿ ಹನ್ನೊಂದಕ್ಕೆ ಇನ್ನೊಬ್ಬರು ‘ಮನವಿ ಕೊಟ್ಟು ಏನು ಪ್ರಯೋಜನ, ಧರಣಿ ಕೂರಬೇಕು’ ಅಂದರು. ಬೆಳಗ್ಗೆ ಎದ್ದು ನೋಡಿದರೆ ನೂರಕ್ಕೂ ಜಾಸ್ತಿ ಮೆಸೇಜ್. ಅದರ ನಡುವೆ ಎಲ್ಲೋ ಒಂದು ಸಾಲು: ‘ಇಳಿಜಾರು 1:12 ಇರಬೇಕಲ್ವಾ? ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಕರಡಿನಲ್ಲಿ ಅದೇ ಇಲ್ಲ.’ ಬರೆದವರು ದಿನಾ ಗಾಲಿಕುರ್ಚಿಯಲ್ಲೇ ಓಡಾಡುವವರು. ಅವರಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಇಲ್ಲಿ ಯಾರೂ ಕೆಟ್ಟವರಲ್ಲ. ತಪ್ಪು ಆ ಪ್ರಶ್ನೆಯದು. ‘ನೋಡಿ ಹೇಳಿ’ ಅಂದರೆ ಏನು ನೋಡಬೇಕು, ಯಾವಾಗ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ ಅನ್ನುವುದು ಯಾವುದೂ ಗೊತ್ತಾಗುವುದಿಲ್ಲ. ಹಾಗಾಗಿ ಕಣ್ಣಿಗೆ ಬಿದ್ದದ್ದನ್ನು ಎಲ್ಲರೂ ಹೇಳುತ್ತಾರೆ. ಗ್ರೂಪು ದಾರಿ ತಪ್ಪುತ್ತಿದೆ ಅಂದ ತಕ್ಷಣ ನಾವು ನಿಯಮಗಳ ಪಟ್ಟಿ ಬರೆಯಲು ಕೂರುತ್ತೇವೆ. ಅದಕ್ಕಿಂತ ಮೊದಲು ಚರ್ಚೆ ಶುರು ಮಾಡುವ ಆ ಒಂದು ಮೆಸೇಜನ್ನು ಸರಿ ಮಾಡಿ ನೋಡಿ. ಅದೇ ಕರಡನ್ನು ಎರಡನೇ ಸಲ ನಾವು ಹಾಕಿದ್ದು ಹೀಗೆ:

‘ಮನವಿ ಕರಡು. ಎರಡೇ ಪ್ರಶ್ನೆ. ಅಳತೆಗಳಲ್ಲಿ ತಪ್ಪಿದೆಯಾ? ಮೂರನೇ ಪ್ಯಾರಾ ಇಟ್ಟುಕೊಳ್ಳೋಣವಾ, ತೆಗೆಯೋಣವಾ? ಗುರುವಾರ ರಾತ್ರಿ 9ರ ಒಳಗೆ ಹೇಳಿ. ಲೋಗೋ, ಫಾಂಟ್ ಈಗ ಬೇಡ. ಶುಕ್ರವಾರ ಬೆಳಗ್ಗೆ ನಾನು ತಿದ್ದಿ ಫೈನಲ್ ಮಾಡುತ್ತೇನೆ.’

ಏನು ಕೇಳುತ್ತಿದ್ದೇವೆ, ಯಾವಾಗಿನ ತನಕ, ಯಾವುದು ಬೇಡ, ಆಮೇಲೆ ಕೆಲಸ ಯಾರದು. ಈ ನಾಲ್ಕೂ ಇದ್ದರೆ ಅರ್ಧ ಗಲಾಟೆ ಹುಟ್ಟುವುದೇ ಇಲ್ಲ. ‘ಯಾವುದು ಬೇಡ’ ಅನ್ನುವುದನ್ನು ಬರೆಯಲು ಜನ ಹಿಂಜರಿಯುತ್ತಾರೆ, ಒರಟಾಗಿ ಕೇಳಿಸುತ್ತದೇನೋ ಅಂತ. ನನಗನ್ನಿಸುವ ಮಟ್ಟಿಗೆ ನಾಲ್ಕರಲ್ಲಿ ಜಾಸ್ತಿ ಕೆಲಸ ಮಾಡುವುದು ಅದೇ.

ಲೋಗೋ ವಿಷಯಕ್ಕೆ ಬರೋಣ, ಯಾಕೆಂದರೆ ಇದು ಎಲ್ಲ ಕಡೆಯ ಕಾಯಿಲೆ. 1957ರಲ್ಲಿ ಪಾರ್ಕಿನ್ಸನ್ ಅನ್ನುವ ಬ್ರಿಟಿಷ್ ಇತಿಹಾಸಕಾರ ಇದನ್ನು ತಮಾಷೆಯಾಗಿ ವಿವರಿಸಿದ್ದರು. ಒಂದು ಸಮಿತಿ ಅಣು ಸ್ಥಾವರದ ದೊಡ್ಡ ಖರ್ಚಿಗೆ ನಿಮಿಷಗಳಲ್ಲಿ ಒಪ್ಪಿಗೆ ಕೊಡುತ್ತದೆ, ಸೈಕಲ್ ನಿಲ್ಲಿಸುವ ಶೆಡ್ಡಿನ ಬಗ್ಗೆ ಮಾತ್ರ ಮುಕ್ಕಾಲು ಗಂಟೆ ವಾದ ಮಾಡುತ್ತದೆ. ಸ್ಥಾವರ ಯಾರಿಗೂ ಅರ್ಥವಾಗುವುದಿಲ್ಲ, ಶೆಡ್ಡು ಎಲ್ಲರಿಗೂ ಗೊತ್ತು. ನಮ್ಮಲ್ಲೂ ಹಾಗೇ: 1:12ರ ಬಗ್ಗೆ ಮಾತಾಡಲು ಏನಾದರೂ ಗೊತ್ತಿರಬೇಕು, ಬಣ್ಣದ ಬಗ್ಗೆ ಮಾತಾಡಲು ಕಣ್ಣಿದ್ದರೆ ಸಾಕು. ಹಾಗಾಗಿ ಬಣ್ಣ, ಫಾಂಟ್, ಬ್ಯಾನರಿನ ಸೈಜ್ ಇಂಥದ್ದನ್ನು ಚರ್ಚೆಗೇ ಇಡಬೇಡಿ. ಒಬ್ಬರ ತಲೆಗೆ ಕಟ್ಟಿ, ಅವರು ಮಾಡಿದ್ದೇ ಆಯಿತು ಅಂತ ಮೊದಲೇ ಹೇಳಿಬಿಡಿ. ಅಂದಹಾಗೆ ನಮ್ಮ ಮನವಿ ಕೊನೆಗೆ ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ಆಯಿತು.

ಇನ್ನು ಮೌನ. ಪ್ರಶ್ನೆ ಹಾಕಿದ್ದೀರಿ, ನಾಲ್ಕೇ ಜನ ಉತ್ತರಿಸಿದರು, ಉಳಿದವರು ಓದಿ ಸುಮ್ಮನಾದರು. ಈಗ ಮುಂದೆ ಹೋಗಬಹುದಾ? ಸ್ವಯಂಸೇವಕರ ಗುಂಪುಗಳು ಜಾಸ್ತಿ ಸಿಕ್ಕಿಕೊಳ್ಳುವುದು ಇಲ್ಲೇ. ಉಚಿತ ಸಾಫ್ಟ್‌ವೇರ್ ತಯಾರಿಸುವ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಅನ್ನುವ ಸಂಸ್ಥೆಯಲ್ಲಿ ಬೇರೆ ಬೇರೆ ದೇಶಗಳ ಸ್ವಯಂಸೇವಕರು ಮುಖ ನೋಡದೆಯೇ ಸೇರಿ ಕೆಲಸ ಮಾಡುತ್ತಾರೆ. ಅವರಲ್ಲಿ ಒಂದು ಪದ್ಧತಿ ಇದೆ: ಹೀಗೆ ಮಾಡುತ್ತೇನೆ ಅಂತ ಹೇಳಿ, ಸಾಮಾನ್ಯವಾಗಿ 72 ಗಂಟೆ ಕಾಯುತ್ತಾರೆ, ಯಾರೂ ಬೇಡ ಅನ್ನದಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ. ಮೂರು ದಿನ ಯಾಕೆಂದರೆ ನೌಕರಿ, ಮನೆ, ಮಕ್ಕಳ ನಡುವೆ ಬಿಡುವು ಮಾಡಿಕೊಳ್ಳುವವರಿಗೂ ಓದಲು ಸಮಯ ಸಿಗಲಿ ಅಂತ. ನಮಗೂ ಇದು ಚೆನ್ನಾಗಿ ಹೊಂದುತ್ತದೆ. ಅವರಲ್ಲಿ ಇನ್ನೊಂದೂ ಇದೆ: ಕೋಡ್ ಬದಲಾವಣೆಗೆ ‘ಬೇಡ’ ಅಂತ ತಡೆ ಹಾಕುವವರು ಕಾರಣ ಕೊಡಲೇಬೇಕು, ಕಾರಣ ಇಲ್ಲದ ‘ಬೇಡ’ ಲೆಕ್ಕಕ್ಕಿಲ್ಲ. ಇದನ್ನಂತೂ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಬರೀ ‘ನನಗೆ ಸರಿ ಅನ್ನಿಸುತ್ತಿಲ್ಲ’ ಅನ್ನುವ ಒಂದು ಮೆಸೇಜಿಗೆ ವಾರಗಟ್ಟಲೆ ಕೆಲಸ ನಿಂತದ್ದನ್ನು ನಾನು ನೋಡಿದ್ದೇನೆ.

ಆದರೆ ಮೌನವನ್ನು ಎಲ್ಲದಕ್ಕೂ ಒಪ್ಪಿಗೆ ಅಂದುಕೊಳ್ಳಬೇಡಿ. ದುಡ್ಡು ಖರ್ಚು ಮಾಡುವುದು, ಗುಂಪಿನ ಹೆಸರಲ್ಲಿ ಹೇಳಿಕೆ ಕೊಡುವುದು, ಒಬ್ಬರ ಹೆಸರು ಹಿಡಿದು ಆರೋಪ ಮಾಡುವುದು, ಬೀದಿಗಿಳಿಯುವುದು, ಈ ನಾಲ್ಕಕ್ಕೆ ‘ಹೌದು’ ಅಂತ ಬಾಯಿಬಿಟ್ಟು ಹೇಳಿದವರು ಇಷ್ಟು ಜನ ಇರಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಪೋಲ್ ಹಾಕಿಬಿಟ್ಟರೆ ಆಯಿತಲ್ಲ ಅನ್ನುತ್ತೀರಾ? ಯಾವ ದಿನ ಸೇರೋಣ, ಎಷ್ಟು ಗಂಟೆಗೆ, ಇದಕ್ಕೆಲ್ಲ ಪೋಲ್ ಬಹಳ ಒಳ್ಳೆಯದು, ವಾಟ್ಸಾಪ್‌ನಲ್ಲಿ 12 ಆಯ್ಕೆಗಳ ತನಕ ಕೊಡಬಹುದು. ಆದರೆ ಯಾರು ಯಾವುದಕ್ಕೆ ಒತ್ತಿದರು ಅನ್ನುವುದು ಸಾಮಾನ್ಯವಾಗಿ ಎಲ್ಲರಿಗೂ ಕಾಣುತ್ತದೆ, ಹಿರಿಯರು ಎತ್ತ ಒತ್ತಿದರೋ ಉಳಿದವರೂ ಅತ್ತಲೇ ಒತ್ತುತ್ತಾರೆ. ಧರಣಿ ಬೇಕಾ ಬೇಡವಾ ಅನ್ನುವುದನ್ನು ಪೋಲಿಗೆ ಬಿಡಬೇಡಿ.

ಜಾಸ್ತಿ ಮಾತಾಡುವವರ ಸಮಸ್ಯೆ ಹೊಸದೇನಲ್ಲ. ಅಮೆರಿಕದ ಸೈನ್ಯದಲ್ಲಿ ಎಂಜಿನಿಯರ್ ಆಗಿದ್ದ ಹೆನ್ರಿ ರಾಬರ್ಟ್ ಅನ್ನುವವರು 1876ರಲ್ಲಿ ಸಭೆ ನಡೆಸುವ ನಿಯಮಗಳನ್ನು ಪ್ರಕಟಿಸಿದರು. ಒಂದು ಸಭೆಯ ಅಧ್ಯಕ್ಷತೆ ವಹಿಸಲು ಹೋಗಿ, ಅದು ಕೈಮೀರಿ ಮುಜುಗರಪಟ್ಟ ಮೇಲೆ ಆ ಕೆಲಸಕ್ಕೆ ಕೈ ಹಾಕಿದ್ದು. ಅದರಲ್ಲೊಂದು ನಿಯಮ: ಒಂದು ವಿಷಯದ ಬಗ್ಗೆ ಇನ್ನೂ ಮಾತಾಡದವರು ಮಾತಾಡಬೇಕು ಅಂತಿದ್ದರೆ, ಆಗಲೇ ಒಂದು ಸಲ ಮಾತಾಡಿದವರಿಗೆ ಎರಡನೇ ಸರದಿ ಇಲ್ಲ. ಆನ್‌ಲೈನಿನಲ್ಲಿ ಎತ್ತಿದ ಕೈ ಕಾಣುವುದಿಲ್ಲ, ಅದೇ ತೊಂದರೆ. ಹಾಗಾಗಿ ಚರ್ಚೆ ನಡೆಸುವವರು ನಡುವೆ ಒಂದು ಸಲ ‘ಇನ್ನೂ ಹೇಳದವರು ಹೇಳಿ, ಸಂಜೆ ತನಕ ಉಳಿದವರು ಕಾಯೋಣ’ ಅಂತ ಬರೆಯಬೇಕು. ಬೇಕಾದವರನ್ನು ಟ್ಯಾಗ್ ಮಾಡಿ. ಒಬ್ಬರೇ ಇಪ್ಪತ್ತು ಮೆಸೇಜ್ ಹಾಕುತ್ತಿದ್ದರೆ ಎಲ್ಲರೆದುರು ಅನ್ನಬೇಡಿ, ಫೋನ್ ಮಾಡಿ. ಹೆಚ್ಚಿನ ಸಲ ಅವರೇ ಗುಂಪಿಗಾಗಿ ಜಾಸ್ತಿ ದುಡಿಯುವವರೂ ಆಗಿರುತ್ತಾರೆ, ಒಂದು ಕೆಲಸ ಪೂರ್ತಿ ಅವರ ಕೈಗೆ ಕೊಟ್ಟರೆ ಮಾತು ತಾನಾಗಿಯೇ ಕಡಿಮೆಯಾಗುತ್ತದೆ.

ಜಗಳಕ್ಕೂ ಫೋನೇ ಮದ್ದು. ಇಬ್ಬರು ಒಬ್ಬರಿಗೊಬ್ಬರು ಮೂರು ಸಲ ರಿಪ್ಲೈ ಮಾಡಿದರು ಅಂದರೆ ಅಲ್ಲಿಗೆ ಅದು ಗುಂಪಿನ ಚರ್ಚೆಯಾಗಿ ಉಳಿದಿಲ್ಲ. ಮೂರನೆಯವರೊಬ್ಬರು ಸೇರಿಕೊಂಡು ಹತ್ತು ನಿಮಿಷ ಮಾತಾಡಿಸಿ, ಏನು ಒಪ್ಪಿದರು ಅನ್ನುವುದನ್ನು ಆ ಇಬ್ಬರಲ್ಲೇ ಒಬ್ಬರು ಗ್ರೂಪಿಗೆ ಬಂದು ಎರಡು ಸಾಲಿನಲ್ಲಿ ಬರೆಯಲಿ. ಯಾರನ್ನಾದರೂ ತೆಗೆಯಲೇಬೇಕಾದರೆ ಅಡ್ಮಿನ್ ಒಬ್ಬರೇ ಸಿಟ್ಟಿನಲ್ಲಿ ತೆಗೆಯುವ ಹಾಗಿರಬಾರದು. ಕನಿಷ್ಠ ಇಬ್ಬರು ಸೇರಿ ತೀರ್ಮಾನಿಸಬೇಕು, ಕಾರಣವನ್ನು ತೆಗೆಯಲಾಗುವವರಿಗೆ ಮೊದಲು ಹೇಳಬೇಕು.

ಗುಡ್ ಮಾರ್ನಿಂಗ್ ಹೂವುಗಳಿಗೆ ಒಂದು ಹರಟೆ ಗ್ರೂಪ್ ಮಾಡಿಕೊಡಿ, ಬೈಯುವುದು ಬೇಡ. ಅಡ್ಮಿನ್‌ಗಳು ಮಾತ್ರ ಬರೆಯುವ ಇನ್ನೊಂದು ಗ್ರೂಪ್ ಇರಲಿ, ಬರೀ ಪ್ರಕಟಣೆಗೆ. ಬಹಳ ಜನರಿಗೆ ಅಷ್ಟೇ ಸಾಕಾಗಿರುತ್ತದೆ, ಚರ್ಚೆಯ ಗ್ರೂಪನ್ನು ಅವರು ಮ್ಯೂಟ್ ಮಾಡಿದರೆ ಬೇಜಾರು ಮಾಡಿಕೊಳ್ಳಬೇಡಿ.

ಒತ್ತಡ ಹಾಕುವ ಗುಂಪುಗಳಿಗೆ ಮಾತ್ರ ಅನ್ವಯಿಸುವ ಒಂದು ಮಾತಿದೆ. ಗ್ರೂಪಿನಲ್ಲಿ ಬರೆದದ್ದು ನೀವು ಮನವಿ ಕೊಡಬೇಕಾದವರ ಮೇಜಿಗೆ ನಿಮಗಿಂತ ಮೊದಲೇ ಸ್ಕ್ರೀನ್‌ಶಾಟ್ ಆಗಿ ತಲುಪಬಹುದು ಅಂತಲೇ ಅಂದುಕೊಂಡು ಬರೆಯಿರಿ. ತಾನಾಗಿ ಅಳಿಸಿಹೋಗುವ ಮೆಸೇಜುಗಳೂ ಇದನ್ನು ತಡೆಯುವುದಿಲ್ಲ. ಸಹಿ ಹಾಕಿದವರ ಹೆಸರು, ಫೋನ್ ನಂಬರ್ ಇರುವ ಹಾಳೆಯ ಫೋಟೋ ಹಾಕಲೇಬೇಡಿ.

ಕೊನೆಯದು, ಹೆಚ್ಚಿನವರು ಬಿಟ್ಟುಬಿಡುವುದು: ಚರ್ಚೆ ಮುಗಿಯಿತು ಅಂತ ಯಾರಾದರೂ ಬರೆಯಬೇಕು. ನಾವು ‘ತೀರ್ಮಾನ:’ ಅಂತ ಶುರು ಮಾಡಿ ಒಂದೇ ಮೆಸೇಜ್ ಹಾಕುತ್ತೇವೆ. ಏನು ಠರಾಯಿಸಿದೆವು, ಯಾರು ಮಾಡುತ್ತಾರೆ, ಯಾವ ದಿನದೊಳಗೆ, ಇಷ್ಟೇ. ಆಮೇಲೆ ಸರ್ಚ್‌ನಲ್ಲಿ ಆ ಪದ ಹಾಕಿದರೆ ಎಲ್ಲ ತೀರ್ಮಾನಗಳೂ ಸಾಲಾಗಿ ಸಿಗುತ್ತವೆ, ಬೇರೆ ನಡಾವಳಿ ಪುಸ್ತಕವೇ ಬೇಡ. ಅದಕ್ಕೇ ಎಲ್ಲರೂ ಆ ಪದವನ್ನು ಒಂದೇ ಥರ ಬರೆಯಬೇಕು, ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸರ್ಚ್ ಕೈಕೊಡುತ್ತದೆ. ಸದ್ಯ ನಡೆಯುತ್ತಿರುವ ಕೆಲಸದ ತೀರ್ಮಾನವನ್ನು ಪಿನ್ ಮಾಡಿ, ಮುಗಿದ ಮೇಲೆ ತೆಗೆಯಿರಿ. ಎರಡು ವಾರ ಬಿಟ್ಟು ಯಾರಾದರೂ ಬಂದು ‘ಅದನ್ನು ಇನ್ನೊಮ್ಮೆ ಯೋಚಿಸೋಣವಾ’ ಅಂದರೆ ಒಂದೇ ಪ್ರಶ್ನೆ ಕೇಳಿ: ಆವತ್ತು ಗೊತ್ತಿಲ್ಲದ ಹೊಸ ವಿಷಯ ಏನಾದರೂ ಇದೆಯಾ? ಇದ್ದರೆ ಹೊಸ ದಿನಾಂಕ ಹಾಕಿ ಮತ್ತೆ ಶುರು ಮಾಡಿ. ಇಲ್ಲದಿದ್ದರೆ ಆ ‘ತೀರ್ಮಾನ:’ ಮೆಸೇಜಿಗೇ ರಿಪ್ಲೈ ಒತ್ತಿ ಅವರಿಗೆ ತೋರಿಸಿ.